ಬ್ಯಾಂಡ್‌ನಲ್ಲಿ ಹೆಜ್ಜೆ ಇದೆ, ಫೋನಿನಲ್ಲಿ ಸೊನ್ನೆ: ಸಿಂಕ್ ಆಗದಿದ್ದರೆ ಮೊದಲೇ ರೀಸೆಟ್ ಒತ್ತಬೇಡಿ

ಅಪ್ಪ ಇರುವುದು ತಿ. ನರಸೀಪುರದಲ್ಲಿ, ಮಗ ಇರುವುದು ಬೆಂಗಳೂರಿನಲ್ಲಿ. ಮಗ ಕೊಡಿಸಿದ ಬ್ಯಾಂಡ್ ಅಪ್ಪನ ಕೈಯಲ್ಲಿದೆ. ಅಪ್ಪ ಇವತ್ತು ಎಷ್ಟು ನಡೆದರು, ಹೃದಯಬಡಿತ ಎಷ್ಟಿತ್ತು, ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡಿದರು ಎಂಬುದನ್ನೆಲ್ಲ ಮಗ ತನ್ನ ಫೋನಿನಲ್ಲೇ ನೋಡಿಕೊಳ್ಳುತ್ತಾನೆ. ಒಂದು ಬೆಳಿಗ್ಗೆ ತೆರೆದರೆ ಎಲ್ಲ ಖಾಲಿ. ಹೆಜ್ಜೆ ಸೊನ್ನೆ. ಹೃದಯಬಡಿತದ ಗೆರೆ ನಿನ್ನೆ ಸಂಜೆಗೇ ನಿಂತುಹೋಗಿದೆ. ಫೋನ್ ಮಾಡಿದರೆ ಎತ್ತುತ್ತಿಲ್ಲ. ಅರ್ಧ ಗಂಟೆ ಬಿಟ್ಟು ಅಪ್ಪನೇ ಫೋನ್ ಮಾಡಿ, ‘ಗದ್ದೆ ಕಡೆ ಹೋಗಿದ್ದೆ ಕಣಪ್ಪ, ಫೋನು ಮನೇಲಿತ್ತು’ ಅನ್ನುತ್ತಾರೆ.

ಇಂಥ ಅರ್ಧ ಗಂಟೆ ಈಗ ಎಷ್ಟೋ ಮನೆಗಳಿಗೆ ಗೊತ್ತು. 2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹರಡಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆಂದು ಜನ ಸಾಲುಗಟ್ಟಿ ನಿಂತಿದ್ದನ್ನು ನೀವೂ ನೋಡಿರಬಹುದು. ಆ ಭಯ ಮನಸ್ಸಿನಲ್ಲಿ ಇರುವಾಗ, ಅರ್ಧಕ್ಕೆ ನಿಂತ ಗೆರೆಯೊಂದು ಸಾಕು ಎದೆ ಝಲ್ಲೆನ್ನಲು. ಅದರ ಸ್ಕ್ರೀನ್‌ಶಾಟ್ ಫ್ಯಾಮಿಲಿ ಗ್ರೂಪಿಗೆ ಬಿದ್ದರೆ ಸಲಹೆಗಳೂ ಸಾಲಾಗಿ ಬರುತ್ತವೆ. ರೀಸೆಟ್ ಮಾಡಿ. ಆ್ಯಪ್ ತೆಗೆದು ಮತ್ತೆ ಹಾಕಿ. ವೈರಸ್ ಬಂದಿದೆ, ಈ ಲಿಂಕ್ ಒತ್ತಿ. ಬ್ಲೂಟೂತ್ ಹೃದಯಕ್ಕೆ ಕೆಟ್ಟದ್ದು, ಬಿಚ್ಚಿಡಿ.

ಈ ನಾಲ್ಕರಲ್ಲಿ ಮೊದಲ ಎರಡು ಕೊನೆಗೆ ಮಾಡಬೇಕಾದವು, ಮೂರನೆಯದು ಅಪಾಯ, ನಾಲ್ಕನೆಯದು ಸುಳ್ಳು. ಫೋನಿನಲ್ಲಿ ಖಾಲಿ ಕಂಡರೆ ಲೆಕ್ಕ ಕಳೆದುಹೋಗಿದೆ ಎಂದಲ್ಲ, ಮೈಗೆ ಏನೋ ಆಗಿದೆ ಎಂದಂತೂ ಅಲ್ಲ. ಸಾಮಾನ್ಯವಾಗಿ ಲೆಕ್ಕ ಬ್ಯಾಂಡಿನ ಒಳಗೇ ಕೂತಿರುತ್ತದೆ, ಹೊರಗೆ ಬರಲು ದಾರಿ ಸಿಕ್ಕಿರುವುದಿಲ್ಲ. ಅವಸರಪಟ್ಟು ರೀಸೆಟ್ ಒತ್ತಿದರೆ ಮಾತ್ರ ಅದು ನಿಜವಾಗಿಯೂ ಹೋಗುತ್ತದೆ.

ಎಲ್ಲಿ ಕಡಿದಿದೆ ಎಂದು ಮೊದಲು ನೋಡಿ

ತಿರುಮಕೂಡಲಿನ ಸಂಗಮದಲ್ಲಿ ಕಾವೇರಿ, ಕಪಿಲೆ ಎರಡೂ ಕಣ್ಣಿಗೆ ಕಾಣುತ್ತವೆ. ಮೂರನೆಯದಾದ ಸ್ಫಟಿಕ ಸರೋವರ ಗುಪ್ತವಾಗಿ ಸೇರುತ್ತದೆ ಎಂಬುದು ನಂಬಿಕೆ. ಸಿಂಕ್ ಕೂಡ ಹೆಚ್ಚುಕಡಿಮೆ ಹೀಗೆ. ಬ್ಯಾಂಡ್ ಮತ್ತು ಫೋನ್ ಕಾಣುತ್ತವೆ, ಕಾಣದ ಮೂರನೆಯದು ಎಲ್ಲೋ ಇರುವ ಕಂಪನಿಯ ಸರ್ವರ್. ಬ್ಯಾಂಡಿನಿಂದ ಫೋನಿಗೆ ಲೆಕ್ಕ ಹೋಗುವುದು ಬ್ಲೂಟೂತ್ ಮೂಲಕ, ಇದಕ್ಕೆ ಇಂಟರ್ನೆಟ್ ಬೇಕಿಲ್ಲ. ಫೋನಿನಿಂದ ಸರ್ವರ್‌ಗೆ ಹೋಗುವುದು ಇಂಟರ್ನೆಟ್ ಮೂಲಕ, ಇದಕ್ಕೆ ಬ್ಯಾಂಡ್ ಬೇಕಿಲ್ಲ. ದೂರದೂರಿನ ಮಗನ ಫೋನಿಗೆ ಮಾಹಿತಿ ಬರುವುದು ಆ ಸರ್ವರ್‌ನಿಂದ.

ಆದ್ದರಿಂದ ಮೊದಲು ಮಾಡಬೇಕಾದ್ದು ಬ್ಯಾಂಡಿನ ಪುಟ್ಟ ಪರದೆ ನೋಡುವುದು. ಅಲ್ಲಿ 6,200 ಹೆಜ್ಜೆ ಇದ್ದು ಅಪ್ಪನ ಫೋನಿನಲ್ಲಿ ಸೊನ್ನೆ ಇದ್ದರೆ ಕಡಿದಿರುವುದು ಬ್ಲೂಟೂತ್ ಕೊಂಡಿ. ಅಪ್ಪನ ಫೋನಿನಲ್ಲೂ 6,200 ಇದ್ದು ಮಗನ ಫೋನಿನಲ್ಲಿ ಮಾತ್ರ ಇಲ್ಲವಾದರೆ ತೊಂದರೆ ನೆಟ್‌ವರ್ಕಿನದು ಅಥವಾ ಸರ್ವರಿನದು. ಆಗ ಬ್ಯಾಂಡನ್ನು ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನವಿಲ್ಲ. ಬ್ಯಾಂಡಿನ ಪರದೆಯಲ್ಲೇ ಸೊನ್ನೆ ಇದ್ದರೆ ಅದು ಸಿಂಕ್ ಸಮಸ್ಯೆಯೇ ಅಲ್ಲ. ಬ್ಯಾಂಡ್ ಚಾರ್ಜ್ ಇಲ್ಲದೆ ಆಫ್ ಆಗಿರಬಹುದು, ಇಲ್ಲವೇ ಅಪ್ಪ ಅದನ್ನು ಕಟ್ಟಿಕೊಂಡೇ ಇರಲಿಕ್ಕಿಲ್ಲ.

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಐದು ರಥ ಎಳೆಯುವ ದಿನ ರಥಬೀದಿಯಲ್ಲಿ ನಿಂತವರೆಲ್ಲರೂ ಫೋನ್ ಎತ್ತಿ ವಿಡಿಯೊ ಕಳಿಸುತ್ತಿರುವಾಗ ಮೊಬೈಲ್ ನೆಟ್‌ವರ್ಕ್ ತೆವಳುತ್ತದೆ. ಬ್ಯಾಂಡಿನಿಂದ ಫೋನಿಗೆ ಲೆಕ್ಕ ಬಂದರೂ ಅಲ್ಲಿಂದಾಚೆ ಹೋಗುವುದಿಲ್ಲ. 2025ರ ಫೆಬ್ರುವರಿಯಲ್ಲಿ ತಿರುಮಕೂಡಲಿನಲ್ಲಿ ನಡೆದ ಕುಂಭಮೇಳದಂಥ ಜನಜಂಗುಳಿಯಲ್ಲೂ ಇದೇ ಕಥೆ. ಏನೂ ಮಾಡಬೇಡಿ. ಮನೆಗೆ ಬಂದು ನೆಟ್‌ವರ್ಕ್ ಸಿಕ್ಕ ಮೇಲೆ ಆ್ಯಪ್ ತೆರೆದರೆ ಎಲ್ಲ ಹೋಗಿ ಸೇರುತ್ತದೆ.

ನದಿಯಲ್ಲಿ ಮುಳುಗು ಹಾಕುವಾಗ ಕೊಂಡಿ ತಪ್ಪುವುದೂ ಸಹಜ. ಬ್ಲೂಟೂತ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ಅಲೆಯಲ್ಲಿ, ಈ ಅಲೆಯನ್ನು ನೀರು ಹೀರಿಕೊಳ್ಳುತ್ತದೆ. ಬ್ಯಾಂಡ್ ನೀರಿನೊಳಗೆ, ಫೋನ್ ಸ್ನಾನಘಟ್ಟದ ಮೆಟ್ಟಿಲ ಮೇಲೆ ಬಟ್ಟೆಯ ಗಂಟಿನಲ್ಲಿ ಇದ್ದರೆ ಎರಡಕ್ಕೂ ಮಾತಿಲ್ಲ. ನಮ್ಮ ಮೈಯಲ್ಲೂ ಹೆಚ್ಚಿರುವುದು ನೀರೇ ಆದ್ದರಿಂದ, ಎಡಗೈಯಲ್ಲಿ ಬ್ಯಾಂಡ್, ಬಲಗಡೆ ಹಿಂದಿನ ಜೇಬಿನಲ್ಲಿ ಫೋನ್ ಇದ್ದಾಗಲೂ ಸಿಗ್ನಲ್ ಸೊರಗುತ್ತದೆ. ಸಿಂಕ್ ಮಾಡುವ ಎರಡು ನಿಮಿಷ ಫೋನನ್ನು ಬ್ಯಾಂಡಿನ ಪಕ್ಕದಲ್ಲೇ ಇಡಿ. ಗೋಡೆ ದಪ್ಪವಿರುವ ಹಳೆಯ ಮನೆಗಳಲ್ಲಿ ಪಕ್ಕದ ಕೋಣೆಯೂ ದೂರವೇ.

ಕೊಂಡಿ ತಪ್ಪಿದರೆ ಲೆಕ್ಕ ಏನಾಗುತ್ತದೆ?

ಬ್ಯಾಂಡಿನೊಳಗೆ ಸಣ್ಣ ಮೆಮೊರಿ ಇರುತ್ತದೆ. ಎಷ್ಟು ದಿನದ್ದು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಫಿಟ್‌ಬಿಟ್ ಸಾಧನಗಳು ನಿಮಿಷ ನಿಮಿಷದ ವಿವರವನ್ನು 7 ದಿನ, ದಿನದ ಒಟ್ಟು ಲೆಕ್ಕವನ್ನು 30 ದಿನ ಇಟ್ಟುಕೊಳ್ಳುತ್ತವೆ. ನಿಮ್ಮ ಬ್ಯಾಂಡಿನದು ಎಷ್ಟೆಂದು ಅದರ ಜೊತೆ ಬಂದ ಕಾಗದದಲ್ಲೋ ಕಂಪನಿಯ ವೆಬ್‌ಸೈಟಿನಲ್ಲೋ ನೋಡಿಕೊಳ್ಳಿ. ಕಾರ್ಖಾನೆಯೊಳಗೆ ಫೋನ್ ಬಿಡದ ಕಡೆ ಪಾಳಿ ಕೆಲಸ ಮಾಡುವವರು, ಫೋನ್ ಮನೆಯಲ್ಲಿಟ್ಟು ಹೊಲಕ್ಕೆ ಹೋಗುವವರು ದಿನವಿಡೀ ಕೊಂಡಿ ಇಲ್ಲದೆಯೇ ಇರುತ್ತಾರೆ. ಸಂಜೆ ಒಮ್ಮೆ ಆ್ಯಪ್ ತೆರೆದರೆ ಸಾಕು, ಇಡೀ ದಿನದ್ದು ಒಟ್ಟಿಗೆ ಇಳಿಯುತ್ತದೆ.

ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್‌ಗೆ ಮಾತ್ರ ಈ ನಿರಾಳ ಮಾತು ಹೊಂದುವುದಿಲ್ಲ. ಫ್ರೀಸ್ಟೈಲ್ ಲಿಬ್ರೆಯಂಥ, ಫೋನ್ ಹತ್ತಿರ ಹಿಡಿದು ಸ್ಕ್ಯಾನ್ ಮಾಡುವ ಸೆನ್ಸರ್ ತನ್ನೊಳಗೆ ಇಟ್ಟುಕೊಳ್ಳುವುದು 8 ಗಂಟೆಯ ಲೆಕ್ಕವನ್ನಷ್ಟೇ. ರಾತ್ರಿ 9ಕ್ಕೆ ಸ್ಕ್ಯಾನ್ ಮಾಡಿ ಮತ್ತೆ ಬೆಳಿಗ್ಗೆ 8ಕ್ಕೆ ಮಾಡಿದರೆ ನಡುವಿನ 3 ಗಂಟೆಯ ಲೆಕ್ಕ ಅಳಿಸಿಹೋಗಿರುತ್ತದೆ, ಅದನ್ನು ಯಾವ ಉಪಾಯದಿಂದಲೂ ವಾಪಸ್ ತರಲಾಗದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ರಾತ್ರಿ ಸಕ್ಕರೆ ಇಳಿದಿತ್ತೇ ಎಂದು ಡಾಕ್ಟರು ನೋಡುವುದು ಇಂಥ ಗಂಟೆಗಳಲ್ಲೇ. ಮಲಗುವ ಮುಂಚೆ ಒಮ್ಮೆ, ಎದ್ದ ತಕ್ಷಣ ಒಮ್ಮೆ ಸ್ಕ್ಯಾನ್ ಮಾಡುವುದನ್ನು ಮಾತ್ರೆಯಷ್ಟೇ ಕಟ್ಟುನಿಟ್ಟಾಗಿ ಪಾಲಿಸಬೇಕು. ಸೆನ್ಸರ್ ಲೆಕ್ಕ ಸಿಗದೆ ಮೈ ನಡುಗಿ ಬೆವರು ಬಂದರೆ ಸಿಂಕ್ ಸರಿಮಾಡುತ್ತಾ ಕೂರಬೇಡಿ, ಬೆರಳು ಚುಚ್ಚಿ ಗ್ಲುಕೋಮೀಟರಿನಲ್ಲಿ ನೋಡಿ. ಗ್ಲುಕೋಮೀಟರ್ ಕೈಗೆ ಸಿಗದಿದ್ದರೆ ಅದಕ್ಕಾಗಿ ಕಾಯದೆ ಸಕ್ಕರೆ ಹಾಕಿದ ನೀರು ಕುಡಿಯಿರಿ.

ಫೋನೇ ಆ್ಯಪಿನ ಕತ್ತು ಹಿಸುಕುತ್ತಿರಬಹುದು

ಬ್ಲೂಟೂತ್ ಆನ್ ಇದೆ, ಬ್ಯಾಂಡ್ ಪಕ್ಕದಲ್ಲೇ ಇದೆ, ಆದರೂ ಆಗುತ್ತಿಲ್ಲ. ಇಲ್ಲಿ ಜನ ಬ್ಯಾಂಡಿನ ಮೇಲೆ ಸಿಟ್ಟಾಗುತ್ತಾರೆ, ತಪ್ಪು ಮಾತ್ರ ಹೆಚ್ಚಿನ ಸಲ ಫೋನಿನದು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಬ್ಯಾಟರಿ ಉಳಿಸಲು ಫೋನ್ ಮಾಡುವ ಅತಿ ಜಿಪುಣತನದ್ದು.

2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ, ಮುಟ್ಟದೆ ಇಟ್ಟ ಫೋನ್ ಹಿನ್ನೆಲೆಯಲ್ಲಿ ಓಡುವ ಆ್ಯಪ್‌ಗಳನ್ನು ಮಲಗಿಸುತ್ತದೆ. ಅದರ ಮೇಲೆ ಫೋನ್ ಕಂಪನಿಗಳು ತಮ್ಮದೇ ಇನ್ನೊಂದು ಉಳಿತಾಯವನ್ನು ಸೇರಿಸಿರುತ್ತವೆ. ಬ್ಯಾಂಡಿನ ಆ್ಯಪ್ ಸದಾ ಹಿನ್ನೆಲೆಯಲ್ಲಿ ಇರಬೇಕಾದದ್ದು, ಅದನ್ನು ಮಲಗಿಸಿದರೆ ಕೊಂಡಿ ಹೋಯಿತು. ಸೆಟ್ಟಿಂಗ್ಸ್‌ನಲ್ಲಿ ಆ್ಯಪಿನ ಹೆಸರು ಹುಡುಕಿ ಒಳಗೆ ಹೋಗಿ, ಬ್ಯಾಟರಿ ಎಂಬಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಅಥವಾ ‘ಡೋಂಟ್ ಆಪ್ಟಿಮೈಸ್’ ಎಂದಿರುವುದನ್ನು ಆರಿಸಿ. ಕೆಲವು ಫೋನ್‌ಗಳಲ್ಲಿ ‘ಆಟೋಸ್ಟಾರ್ಟ್’ ಎಂಬ ಗುಂಡಿ ಬೇರೆಯಾಗಿ ಇರುತ್ತದೆ, ಅದನ್ನೂ ಆನ್ ಮಾಡಬೇಕು. ಹೆಸರು ಫೋನಿಂದ ಫೋನಿಗೆ ಬದಲಾಗುವುದರಿಂದ ಸೆಟ್ಟಿಂಗ್ಸ್‌ನ ಮೇಲಿನ ಹುಡುಕುವ ಜಾಗದಲ್ಲಿ ‘ಬ್ಯಾಟರಿ’ ಎಂದು ಬರೆದು ಹುಡುಕುವುದೇ ಸುಲಭ.

ಇನ್ನು ನಮ್ಮ ಕೈಯ ಚಟ ಒಂದಿದೆ. ಫೋನ್ ಬಳಸಿ ಮುಗಿದ ಕೂಡಲೇ ಚೌಕದ ಗುಂಡಿ ಒತ್ತಿ ಎಲ್ಲ ಆ್ಯಪ್‌ಗಳನ್ನೂ ಒರೆಸಿ ಹಾಕುವುದು. ಅಂಗಳ ಗುಡಿಸಿದಷ್ಟೇ ತೃಪ್ತಿ ಅದರಲ್ಲಿ! ಆದರೆ ಹಾಗೆ ಒರೆಸುವಾಗ ಬ್ಯಾಂಡಿನ ಆ್ಯಪ್ ಕೂಡ ಕಸದ ಜೊತೆ ಹೋಗುತ್ತದೆ. ಐಫೋನಿನಲ್ಲೂ ಅಷ್ಟೆ, ಮೇಲಕ್ಕೆ ತಳ್ಳಿ ಮುಚ್ಚಿದ ಆ್ಯಪನ್ನು ನೀವೇ ಮತ್ತೆ ತೆರೆಯುವ ತನಕ ಅದು ಹಿನ್ನೆಲೆಯಲ್ಲಿ ಏಳುವುದಿಲ್ಲ. ‘ಬೂಸ್ಟರ್’, ‘ಕ್ಲೀನರ್’ ಎಂಬ ಆ್ಯಪ್ ಹಾಕಿಕೊಂಡವರಿಗೆ ಈ ಕಾಟ ಎರಡರಷ್ಟು. ಅವನ್ನು ತೆಗೆದು ಹಾಕುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಲೊಕೇಶನ್ ಯಾಕೆ ಕೇಳುತ್ತದೆ?

‘ಹೆಜ್ಜೆ ಎಣಿಸೋಕೆ ನಾನೆಲ್ಲಿದ್ದೀನಿ ಅನ್ನೋದು ಇದಕ್ಕೆ ಯಾಕೆ ಬೇಕು?’ ಎಂದು ಅನುಮಾನಪಟ್ಟು ಅನುಮತಿ ನಿರಾಕರಿಸಿದವರ ಬ್ಯಾಂಡ್ ಸಿಂಕ್ ಆಗದೇ ಉಳಿಯುತ್ತದೆ. ಅನುಮಾನ ಒಳ್ಳೆಯದೇ. ಆದರೆ ಇಲ್ಲಿ ಕಾರಣ ಬೇರೆ. ಸುತ್ತಲಿನ ಬ್ಲೂಟೂತ್ ಸಾಧನಗಳನ್ನು ಹುಡುಕಬಲ್ಲ ಆ್ಯಪ್, ಯಾವ ಅಂಗಡಿಯ, ಯಾವ ಕಟ್ಟಡದ ಸಾಧನ ಹತ್ತಿರವಿದೆ ಎಂಬುದರಿಂದ ನೀವೆಲ್ಲಿದ್ದೀರಿ ಎಂದು ಊಹಿಸಬಹುದು. ಅದಕ್ಕೇ ಆಂಡ್ರಾಯ್ಡ್ 6ರಿಂದ 11ರವರೆಗೆ ಬ್ಲೂಟೂತ್ ಹುಡುಕಾಟಕ್ಕೆ ಲೊಕೇಶನ್ ಅನುಮತಿಯನ್ನೇ ಕೇಳಬೇಕೆಂದು ಗೂಗಲ್ ನಿಯಮ ಮಾಡಿತು. ಆ ಫೋನ್‌ಗಳಲ್ಲಿ ಲೊಕೇಶನ್ ಅನುಮತಿಯೂ ಬೇಕು, ಮೇಲಿನಿಂದ ಎಳೆಯುವ ಪಟ್ಟಿಯಲ್ಲಿ ಲೊಕೇಶನ್ ಆನ್ ಕೂಡ ಇರಬೇಕು. 2021ರ ಆಂಡ್ರಾಯ್ಡ್ 12ರಿಂದ ಇದಕ್ಕೆಂದೇ ‘ನಿಯರ್‌ಬೈ ಡಿವೈಸಸ್’, ಅಂದರೆ ಹತ್ತಿರದ ಸಾಧನಗಳು ಎಂಬ ಪ್ರತ್ಯೇಕ ಅನುಮತಿ ಬಂದಿದೆ.

ಇನ್ನೊಂದು ಗೊತ್ತಿಲ್ಲದೆ ನಡೆಯುವ ವಿಷಯ: ಆಂಡ್ರಾಯ್ಡ್ 11ರ ನಂತರದ ಫೋನ್‌ಗಳು, ಕೆಲವು ತಿಂಗಳು ತೆರೆಯದೇ ಬಿಟ್ಟ ಆ್ಯಪಿನ ಅನುಮತಿಗಳನ್ನು ತಾವಾಗಿಯೇ ವಾಪಸ್ ತೆಗೆದುಕೊಳ್ಳುತ್ತವೆ. ಮಳೆಗಾಲವೆಲ್ಲ ಬ್ಯಾಂಡ್ ಬಿಚ್ಚಿಟ್ಟು ಈಗ ಮತ್ತೆ ಕಟ್ಟಿದವರು ಮೊದಲು ನೋಡಬೇಕಾದ್ದು ಇದನ್ನೇ.

ಸಿಂಕ್‌ಗೆ ಬೇಡದ ಅನುಮತಿಗಳೂ ಇವೆ. ಎಸ್ಎಂಎಸ್, ಕಾಂಟ್ಯಾಕ್ಟ್ಸ್, ಕರೆಗಳ ಪಟ್ಟಿ ಇವು ಹೆಜ್ಜೆ ಎಣಿಸಲು ಬೇಕಾಗಿಲ್ಲ. ಕರೆ ಬಂದಾಗ ಹೆಸರು ತೋರಿಸಲು, ಮೆಸೇಜನ್ನು ಕೈಮೇಲೆ ತೋರಿಸಲು ಮಾತ್ರ ಅವು ಬೇಕು. ‘ನೋಟಿಫಿಕೇಶನ್ ಆಕ್ಸೆಸ್’ ಕೊಟ್ಟ ಆ್ಯಪ್ ನಿಮಗೆ ಬರುವ ನೋಟಿಫಿಕೇಶನ್‌ಗಳನ್ನು ಓದಬಲ್ಲದು, ಹಲವು ಫೋನ್‌ಗಳಲ್ಲಿ ಬ್ಯಾಂಕಿನ ಒಟಿಪಿಯನ್ನೂ. ಹೆಸರೇ ಕೇಳಿಲ್ಲದ ಕಂಪನಿಯ ಅಗ್ಗದ ವಾಚ್‌ಗೆ ಅದನ್ನು ಕೊಡದೆಯೂ ಹೆಜ್ಜೆ, ನಿದ್ದೆ, ಹೃದಯಬಡಿತ ಎಲ್ಲ ಸಿಂಕ್ ಆಗುತ್ತವೆ.

ಉಡುಗೊರೆ ಬ್ಯಾಂಡಿನ ಕಥೆ

ಮಗ ಬೆಂಗಳೂರಿನಲ್ಲಿ ಬ್ಯಾಂಡ್ ಕೊಂಡು, ‘ಕೆಲಸ ಮಾಡ್ತದಾ ನೋಡೋಣ’ ಎಂದು ತನ್ನ ಫೋನಿಗೇ ಜೋಡಿಸಿ ನೋಡುತ್ತಾನೆ. ಹಬ್ಬಕ್ಕೆ ಊರಿಗೆ ಬಂದು ಅಪ್ಪನ ಕೈಗೆ ಕಟ್ಟುತ್ತಾನೆ. ಅಪ್ಪನ ಫೋನು ಎಷ್ಟು ಹುಡುಕಿದರೂ ಬ್ಯಾಂಡ್ ಸಿಗುವುದಿಲ್ಲ. ಸಾಮಾನ್ಯವಾಗಿ ಬ್ಯಾಂಡ್ ಒಂದು ಸಲಕ್ಕೆ ಒಂದೇ ಫೋನಿನ ಜೊತೆ ಮಾತಾಡುತ್ತದೆ. ಮಗ ಪಕ್ಕದಲ್ಲೇ ಕೂತಿರುವಾಗ ಅದು ಮಗನ ಫೋನಿಗೆ ಜೋಡಿಯಾಗಿ, ‘ನಾನಿಲ್ಲಿದ್ದೇನೆ’ ಎಂದು ಬೇರೆಯವರಿಗೆ ಕೂಗುವುದನ್ನೇ ನಿಲ್ಲಿಸಿರುತ್ತದೆ. ಕೆಲವು ಕಂಪನಿಗಳಲ್ಲಂತೂ ಬ್ಯಾಂಡ್ ಮೊದಲು ಜೋಡಿಸಿದವರ ಖಾತೆಗೇ ಕಟ್ಟಿಬಿದ್ದಿರುತ್ತದೆ, ಆ ಖಾತೆಯಿಂದ ಬಿಡಿಸದ ಹೊರತು ಇನ್ನೊಬ್ಬರಿಗೆ ಸೇರುವುದಿಲ್ಲ. ಮಗ ತನ್ನ ಆ್ಯಪಿನಲ್ಲಿ ‘ಅನ್‌ಪೇರ್’ ಅಥವಾ ‘ರಿಮೂವ್’ ಮಾಡಲಿ, ತನ್ನ ಬ್ಲೂಟೂತ್ ಆಫ್ ಮಾಡಲಿ, ಆಮೇಲೆ ಅಪ್ಪನ ಫೋನಿನಲ್ಲಿ ಹುಡುಕಲಿ. ಹುಡುಕುವುದೂ ಬ್ಯಾಂಡಿನ ಆ್ಯಪಿನ ಒಳಗಿಂದ. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಹೆಸರು ಒತ್ತಿ ಇಯರ್‌ಫೋನ್ ಜೋಡಿಸಿದಂತೆ ಜೋಡಿಸಿದರೆ ಹಲವು ಬ್ಯಾಂಡ್‌ಗಳು ಆ್ಯಪಿಗೆ ಕಾಣುವುದೇ ಇಲ್ಲ. ಈ ಕೆಲಸ ಮುಗಿಸಿಯೇ ಮಗ ಬೆಂಗಳೂರಿನ ಬಸ್ಸು ಹತ್ತುವುದು ಒಳ್ಳೆಯದು!

ಯಾವುದರ ನಂತರ ಯಾವುದು

ಏನನ್ನೂ ಕಳೆಯದ ಕೆಲಸದಿಂದ ಶುರು ಮಾಡಿ. ಆ್ಯಪ್ ತೆರೆದು ಮುಖ್ಯ ಪುಟವನ್ನು ಬೆರಳಿನಿಂದ ಕೆಳಕ್ಕೆ ಎಳೆದು ಅರೆನಿಮಿಷ ಕಾಯಿರಿ. ಆಗದಿದ್ದರೆ ಬ್ಲೂಟೂತ್ ಆಫ್ ಮಾಡಿ ಆನ್ ಮಾಡಿ. ನಂತರ ಫೋನ್ ರೀಸ್ಟಾರ್ಟ್, ಆಮೇಲೆ ಬ್ಯಾಂಡ್ ರೀಸ್ಟಾರ್ಟ್. ರೀಸ್ಟಾರ್ಟ್ ಎಂದರೆ ಮಲಗಿಸಿ ಎಬ್ಬಿಸುವುದು, ರೀಸೆಟ್ ಎಂದರೆ ಮನೆ ಖಾಲಿ ಮಾಡಿಸುವುದು. ಎರಡೂ ಮೆನುವಿನಲ್ಲಿ ಅಕ್ಕಪಕ್ಕದಲ್ಲೇ ಇರುತ್ತವೆ, ಓದಿ ಒತ್ತಿ. ಪ್ಲೇ ಸ್ಟೋರಿನಲ್ಲಿ ಆ್ಯಪಿಗೆ ಅಪ್‌ಡೇಟ್ ಇದೆಯೇ ನೋಡಿ. ‘ಕ್ಲಿಯರ್ ಕ್ಯಾಶ್’ ಮಾಡಿದರೆ ನಷ್ಟವಿಲ್ಲ. ಪಕ್ಕದ ‘ಕ್ಲಿಯರ್ ಡೇಟಾ’ ಒತ್ತಿದರೆ ಮಾತ್ರ, ಫೋನಿಗೆ ಬಂದೂ ಸರ್ವರ್‌ಗೆ ಹೋಗದ ಲೆಕ್ಕ ಅಳಿಯುತ್ತದೆ. ಆ್ಯಪ್ ತೆಗೆದು ಮತ್ತೆ ಹಾಕಿದಾಗಲೂ ಹಾಗೆಯೇ.

ಇಷ್ಟಾಗಿಯೂ ಸರಿಹೋಗದಿದ್ದರೆ ಅನ್‌ಪೇರ್ ಮಾಡಿ ಮತ್ತೆ ಜೋಡಿಸಬೇಕು. ಕೆಲವು ಬ್ಯಾಂಡ್‌ಗಳಲ್ಲಿ ಅನ್‌ಪೇರ್ ಎಂದರೇ ಒಳಗಿನದೆಲ್ಲ ಅಳಿಸುವುದು. ಅದಕ್ಕೂ ಮುಂಚೆ ಬ್ಯಾಂಡಿನ ಪರದೆಯಲ್ಲಿ ಕಾಣುವ ಲೆಕ್ಕದ ಫೋಟೊವನ್ನಾದರೂ ತೆಗೆದಿಟ್ಟುಕೊಳ್ಳಿ, ಡಾಕ್ಟರಿಗೆ ತೋರಿಸಲು ಇಟ್ಟುಕೊಂಡಿದ್ದವರಂತೂ ಮರೆಯದೆ. ರೀಸೆಟ್ ಇದಕ್ಕೂ ಆಚೆಗಿನದು.

ಬ್ಯಾಂಡಿನ ಆ್ಯಪಿನಲ್ಲಿ ಎಲ್ಲ ಸರಿಯಿದ್ದು, ನೀವು ಬಳಸುವ ಇನ್ನೊಂದು ನಡಿಗೆಯ ಆ್ಯಪಿನಲ್ಲಿ ಮಾತ್ರ ಬರದಿದ್ದರೆ, ನಡುವೆ ಇರುವ ‘ಹೆಲ್ತ್ ಕನೆಕ್ಟ್’ ತೆರೆದು ನೋಡಿ. 2023ರ ಆಂಡ್ರಾಯ್ಡ್ 14ರಿಂದ ಇದು ಫೋನಿನ ಸೆಟ್ಟಿಂಗ್ಸ್ ಒಳಗೇ ಇದೆ. ಒಂದು ಆ್ಯಪಿಗೆ ಬರೆಯಲು, ಇನ್ನೊಂದಕ್ಕೆ ಓದಲು ಎರಡಕ್ಕೂ ಅಲ್ಲಿ ಅನುಮತಿ ಕೊಟ್ಟಿರಬೇಕು. ಅನುಮತಿ ಕೊಟ್ಟ ದಿನದಿಂದ ಹಿಂದಕ್ಕೆ 30 ದಿನದ್ದು ಮಾತ್ರ ಸಾಮಾನ್ಯವಾಗಿ ಸಿಗುತ್ತದೆ, ಹೋದ ವರ್ಷದ್ದು ಬರಲಿಲ್ಲ ಎಂದು ಕೊರಗಬೇಡಿ.

ಸಿಂಕ್ ಸರಿಯಿದ್ದೂ ಲೆಕ್ಕ ತಪ್ಪುವುದುಂಟು

ಹುಲ್ಲಿನ ಹೊರೆ ತಲೆಮೇಲೆ ಹೊತ್ತು ಒಂದು ಕೈಯಲ್ಲಿ ಅದನ್ನು ಹಿಡಿದು ಬದುವಿನ ಮೇಲೆ ನಡೆಯುವ ಅಮ್ಮನ ಬ್ಯಾಂಡು ಆ ಕೈಯಲ್ಲೇ ಇದ್ದರೆ ಹೆಜ್ಜೆ ಕಡಿಮೆ ತೋರಿಸುತ್ತದೆ. ಬ್ಯಾಂಡ್ ಎಣಿಸುವುದು ಕಾಲನ್ನಲ್ಲ, ಕೈ ಬೀಸುವುದನ್ನು. ತಳ್ಳುಗಾಡಿ ತಳ್ಳುವವರಿಗೂ ಇದೇ ಗತಿ. ನಂಜನಗೂಡಿನ ದೇವಸ್ಥಾನದಲ್ಲಿ ಉರುಳುಸೇವೆ ಮಾಡಿದವರ ಬ್ಯಾಂಡ್ ಏನು ತೋರಿಸಿದರೂ ಅದನ್ನು ಹೆಜ್ಜೆ ಎನ್ನಲಾಗದು. ಹೃದಯಬಡಿತದ ಗೆರೆ ಅಲ್ಲಲ್ಲಿ ತುಂಡಾಗಿದ್ದರೆ ಪಟ್ಟಿ ಸಡಿಲವಾಗಿ, ಅಡಿಯ ಹಸಿರು ಬೆಳಕಿಗೂ ಚರ್ಮಕ್ಕೂ ನಡುವೆ ಸಂದು ಬಿದ್ದಿರಬಹುದು. ಒಂದು ತೂತು ಬಿಗಿ ಮಾಡಿ. ಮತ್ತೆ, ಗೆರೆ ಸರಿಯಾಗಿಯೇ ಇದೆ ಎಂದು ಎದೆನೋವನ್ನು ಕಡೆಗಣಿಸಬೇಡಿ. ಎದೆ ಹಿಡಿದಂತಾಗಿ ಬೆವರು ಬಂದರೆ 108ಕ್ಕೆ ಕರೆ ಮಾಡುವುದು ಮೊದಲು, ಆ್ಯಪ್ ಆಮೇಲೆ.

ಬ್ಲೂಟೂತ್ ಹೃದಯಕ್ಕೆ ಕೆಟ್ಟದ್ದು ಎಂದು ರಾತ್ರಿ ಆಫ್ ಮಾಡಿಡುವವರಿಗೂ ಒಂದು ಮಾತು. 2010ರಲ್ಲಿ ಬಂದ ಕಡಿಮೆ ವಿದ್ಯುತ್ತಿನ ಬ್ಲೂಟೂತ್ ಈ ಬ್ಯಾಂಡ್‌ಗಳಲ್ಲಿ ಇರುವುದು. ಅದು ಹೊರಡಿಸುವ ಶಕ್ತಿ ಸಾಮಾನ್ಯವಾಗಿ 10 ಮಿಲಿವಾಟ್ ಒಳಗೆ. ನೀವು ಕಿವಿಗಿಟ್ಟುಕೊಳ್ಳುವ 4ಜಿ ಫೋನ್ ಟವರ್ ದೂರವಿದ್ದಾಗ 200 ಮಿಲಿವಾಟ್‌ವರೆಗೂ ಹೊರಡಿಸಬಲ್ಲದು. ಎರಡೂ ಎಕ್ಸ್‌ರೇಯಂತೆ ಜೀವಕೋಶದ ಒಳಗೆ ಹೊಕ್ಕು ಅಣುಗಳನ್ನು ಒಡೆಯುವ ಬಗೆಯ ಕಿರಣವಲ್ಲ. ಎದೆಯೊಳಗೆ ಪೇಸ್‌ಮೇಕರ್ ಇರುವವರು ಮಾತ್ರ ವಾಚು, ಫೋನುಗಳನ್ನು ಎದೆಯಿಂದ ಎಷ್ಟು ದೂರ ಇಡಬೇಕೆಂದು ತಮ್ಮ ಡಾಕ್ಟರನ್ನೇ ಕೇಳಲಿ. ಉಳಿದವರು ಸಮಾಧಾನಕ್ಕೆ ಫೋನಿನ ಬ್ಲೂಟೂತ್ ಆಫ್ ಮಾಡಿ ಮಲಗಿದರೂ ಚಿಂತೆಯಿಲ್ಲ. ನಿದ್ದೆಯ ಲೆಕ್ಕ ಬ್ಯಾಂಡಿನಲ್ಲಿ ಉಳಿದಿರುತ್ತದೆ. ಬೆಳಿಗ್ಗೆ ಆನ್ ಮಾಡಲು ಮರೆಯದಿದ್ದರಾಯಿತು.

ಲಿಂಕ್ ಒತ್ತುವ ಮುಂಚೆ

ಬ್ಯಾಂಡ್ ಸರಿಮಾಡುವ ಆ್ಯಪ್ ಎಂದು ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್ ಬಂದರೆ ತೆರೆಯಬೇಡಿ. ಮದುವೆ ಕರೆಯೋಲೆಯ ಹೆಸರಿನಲ್ಲಿ, ಟ್ರಾಫಿಕ್ ದಂಡದ ಹೆಸರಿನಲ್ಲಿ ಬಂದ ಇಂಥ ಫೈಲ್‌ಗಳು ಫೋನಿಗೆ ಇಳಿದು ಎಸ್ಎಂಎಸ್ ಓದಿ ಖಾತೆ ಖಾಲಿ ಮಾಡಿದ್ದನ್ನು ದೇಶದಾದ್ಯಂತ ನೋಡಿದ್ದೇವೆ. ಆ್ಯಪ್ ಬೇಕಿದ್ದರೆ ಬ್ಯಾಂಡಿನ ಡಬ್ಬಿಯ ಮೇಲೆ ಇರುವ ಹೆಸರನ್ನು ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರಿನಲ್ಲಿ ಹುಡುಕಿ. ಕಸ್ಟಮರ್ ಕೇರ್ ನಂಬರನ್ನೂ ಹಾಗೇ, ಡಬ್ಬಿಯಿಂದ ಇಲ್ಲವೇ ಕಂಪನಿಯ ವೆಬ್‌ಸೈಟಿನಿಂದ ತೆಗೆದುಕೊಳ್ಳಿ. ಹುಡುಕಾಟದಲ್ಲಿ ಮೊದಲು ಕಂಡ ಮೊಬೈಲ್ ನಂಬರಿಗೆ ಕರೆ ಮಾಡಿ, ಅವರು ಹೇಳಿದಂತೆ ಸ್ಕ್ರೀನ್ ಹಂಚಿಕೊಂಡರೆ ಕಾಣುವುದು ಹೆಜ್ಜೆಯ ಲೆಕ್ಕ ಒಂದೇ ಅಲ್ಲ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹೊಸದಾಗಿ ಬ್ಯಾಂಡ್ ಕೊಳ್ಳುವವರು ಅಂಗಡಿಯಲ್ಲೇ ನಿಂತು ಆ ಆ್ಯಪನ್ನು ಪ್ಲೇ ಸ್ಟೋರಿನಲ್ಲಿ ತೆರೆದು, ಕೊನೆಯ ಸಲ ಯಾವಾಗ ಅಪ್‌ಡೇಟ್ ಆಗಿದೆ ಎಂದು ನೋಡಲಿ. ವರ್ಷಗಳಿಂದ ಯಾರೂ ಮುಟ್ಟದ ಆ್ಯಪ್ ಆಗಿದ್ದರೆ ಬಿಟ್ಟುಬಿಡಿ. ಕಂಪನಿ ಮುಚ್ಚಿದರೆ ಸರ್ವರೂ ಮುಚ್ಚುತ್ತದೆ: ಒಂದು ಕಾಲಕ್ಕೆ ಜನ ಮುಗಿಬಿದ್ದು ಕೊಂಡಿದ್ದ ಪೆಬಲ್ ವಾಚ್‌ಗಳ ಸರ್ವರ್ 2018ರ ಜೂನ್ 30ಕ್ಕೆ ನಿಂತಿತು. ವಾಚುಗಳು ಕೈಮೇಲೆ ಸಮಯ ತೋರಿಸುತ್ತಲೇ ಇದ್ದವು, ಅವುಗಳ ಹಿಂದಿದ್ದ ಸರ್ವರ್ ಮಾತ್ರ ಇರಲಿಲ್ಲ.